ಟೇಪು ಕಟ್ಟಿದ ಟ್ರಾಲಿ

ನಾನು ಬಾಯಿ ಜೋರಿನ ಹೆಂಗಸು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಕಡೆ ನರ್ಸಾಗಿ ಅನ್ನ ತಿಂದಿದ್ದೇನೆ, ನಾಲ್ಕೂ ಕಡೆ ಜಗಳ ಆಡಿದ್ದೇನೆ. ಈಗ ಹೇಳಲಿರುವ ಆಸ್ಪತ್ರೆ ಇವುಗಳಲ್ಲಿ ಯಾವ ಊರಿನದು ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಬಿಟ್ಟರೆ ನಾಳೆ ಬೆಳಿಗ್ಗೆಯೇ ಯಾರಾದರೂ ಫೋನು ಮಾಡಿ, "ಏನ್ ಸಿಸ್ಟರಮ್ಮ, ನಮ್ ಮಾನ ಕಳುದ್ಬುಟ್ರಲ್ಲ" ಎಂದು ತಲೆ ತಿನ್ನುತ್ತಾರೆ.

ನನ್ನ ಕೆಲಸ ಕ್ಯಾಜುವಲ್ಟಿಯಲ್ಲಿ. ಹಾವು ಕಚ್ಚಿದವರು, ಬೈಕಿಂದ ಬಿದ್ದವರು, ಔಷಧಿ ಕುಡಿದವರು ಎಲ್ಲರೂ ಮೊದಲು ಬರುವುದು ಅಲ್ಲಿಗೆ. ಉಸಿರು ನಿಲ್ಲುವ ಸ್ಥಿತಿಯಲ್ಲಿ ಬಂದವರಿಗೆ ಗಂಟಲೊಳಗೆ ಕೊಳವೆ ಇಳಿಸಬೇಕು. ಇಳಿಸುವ ಡಾಕ್ಟರಿಗೆ ದಾರಿ ಕಾಣಬೇಕು. ಆ ದಾರಿ ತೋರಿಸುವ ಸಾಮಾನಿಗೆ ಲಾರಿಂಗೋಸ್ಕೋಪು ಅಂತ ಹೆಸರು. ಒಂದು ಹಿಡಿ, ಬಾಗಿದ ಒಂದು ಸ್ಟೀಲಿನ ಪಟ್ಟಿ, ಪಟ್ಟಿಯ ತುದಿಯಲ್ಲಿ ಕಡಲೆ ಬೀಜಕ್ಕಿಂತ ಚಿಕ್ಕ ಬಲ್ಬು. ಹಿಡಿಯೊಳಗೆ ಸೆಲ್ಲು. ಅಷ್ಟೇ ಅದರ ಕಥೆ. ಸೆಲ್ಲು ಇದ್ದರೆ ಬೆಳಕು, ಬೆಳಕಿದ್ದರೆ ದಾರಿ.

ಇನ್ನು ಮುಂದಿನದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಮನೆಯವರಿಗೂ ಹೇಳಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಆಗ ನಾನಿದ್ದ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೂ ಕ್ಯಾಜುವಲ್ಟಿಯೂ ಒಂದೇ ಗೋಡೆಯ ಈಚೆ ಆಚೆ. ಎರಡಕ್ಕೂ ನಾನೊಬ್ಬಳೇ. ಒಂದು ಬೆಳಿಗ್ಗೆ ಹೆರಿಗೆ ಕೋಣೆಯ ಗಡಿಯಾರ ನಿಂತುಹೋಗಿತ್ತು. ಮೇಜಿನ ಮೇಲೆ ಒಬ್ಬಳು ಬೇನೆ ತಿನ್ನುತ್ತಿದ್ದಾಳೆ, ಬಾಗಿಲಲ್ಲಿ ಅವಳ ಅತ್ತೆ ನಿಂತು ನನ್ನ ಪ್ರಾಣ ಹಿಂಡುತ್ತಿದ್ದಾಳೆ: "ಟೈಮ್ ಸರ್ಯಾಗಿ ಬರ್ಕಳವ್ವ, ಜಾತ್ಕ ಬರುಸ್ಬೇಕು. ಒಂದ್ ನಿಮಿಷ ಇಂದೆ ಮುಂದೆ ಆದ್ರೂ ನಕ್ಸತ್ರದ ಪಾದ ಬದ್ಲಾಯ್ತದೆ." ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಹುಟ್ಟಿದ ಸಮಯ ತಪ್ಪಾಗಿ ಬರೆದರು ಎಂದು ಹತ್ತು ವರ್ಷ ಕಳೆದ ಮೇಲೂ ಬಂದು ಜಗಳ ತೆಗೆದವರಿದ್ದಾರೆ. ಆಗ ಕೈಗೊಂದು ಮೊಬೈಲು ಇರಲಿಲ್ಲ. ನನ್ನ ಕೈಗಡಿಯಾರ ರಿಪೇರಿಗೆ ಹೋಗಿತ್ತು. ನಾನೇನು ಮಾಡಿದೆ? ಆಚೆ ಕೋಣೆಗೆ ಓಡಿ ಲಾರಿಂಗೋಸ್ಕೋಪಿನ ಹಿಡಿ ಬಿಚ್ಚಿ, ಅದರಲ್ಲಿದ್ದ ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಒಂದನ್ನು ತೆಗೆದು ಗಡಿಯಾರಕ್ಕೆ ಹಾಕಿದೆ. ಮಗು ಹುಟ್ಟಿತು. ಸಮಯ ಬರೆದೆ. ಅತ್ತೆ ನನ್ನ ಗಲ್ಲ ಹಿಡಿದು ಮುದ್ದು ಮಾಡಿದಳು. ಸೆಲ್ಲನ್ನು ವಾಪಸು ಹಾಕಬೇಕು ಎನ್ನುವುದು ಆ ಗಲಾಟೆಯಲ್ಲಿ ಮರೆತೇ ಹೋಯಿತು.

ಮಧ್ಯಾಹ್ನ ಒಬ್ಬ ಹೆಂಗಸನ್ನು ಎತ್ತಿಕೊಂಡು ಬಂದರು. ಗಂಟಲಲ್ಲಿ ಕೀವಾಗಿ ಊದಿಕೊಂಡು ಉಸಿರು ಕಟ್ಟುತ್ತಿತ್ತು. ಡಾಕ್ಟರು ಲಾರಿಂಗೋಸ್ಕೋಪಿಗೆ ಕೈ ಚಾಚಿದರು, ಕೊಟ್ಟೆ, ಪಟ್ಟಿ ಬಿಡಿಸಿದರು. ಬಲ್ಬು ಹತ್ತಲಿಲ್ಲ. ಸೆಲ್ಲು ಗಡಿಯಾರದಲ್ಲೇ ಉಳಿದಿತ್ತು. ಹೆರಿಗೆ ಕೋಣೆಗೆ ಓಡಿ ಸ್ಟೂಲು ಹತ್ತಿ ಸೆಲ್ಲು ಕಿತ್ತೆ. ಅವಸರದಲ್ಲಿ ಅದು ಜಾರಿ ಮಂಚದ ಕೆಳಗೆ ಉರುಳಿತು. ಮೊಣಕಾಲೂರಿ ಹುಡುಕಿ ತಂದು ಹಾಕುವಷ್ಟರಲ್ಲಿ ಆ ಹೆಂಗಸು ಹೋಗಿಬಿಟ್ಟಿದ್ದಳು. "ಬೆಳಕಿದ್ರೂ ಕಷ್ಟ ಇತ್ತು ಬಿಡಮ್ಮ" ಎಂದರು ಡಾಕ್ಟರು. ಸೆಲ್ಲು ಸತ್ತುಹೋಗಿತ್ತು ಎಂದೇ ಅವರು ತಿಳಿದದ್ದು. ನಾನು ಬಾಯಿ ತೆರೆಯಲಿಲ್ಲ. ಬಾಯಿ ಜೋರಿನವಳು ನಾನು, ಅವತ್ತೊಂದು ದಿನ ಮೂಗಿಯಾದೆ.

ಆಮೇಲೆ ಎಲ್ಲಿಗೆ ವರ್ಗವಾಗಿ ಹೋದರೂ ನನಗೆ ಅಡ್ಡ ಹೆಸರು ಒಂದೇ, ಸೆಲ್ಲು ಸಿಸ್ಟರು. ಡ್ಯೂಟಿಗೆ ಕಾಲಿಟ್ಟ ಕೂಡಲೇ ಲಾರಿಂಗೋಸ್ಕೋಪು ಬಿಡಿಸಿ ಬಲ್ಬು ನೋಡದೆ ಕುರ್ಚಿಯಲ್ಲಿ ಕೂತವಳಲ್ಲ. ಗಡಿಯಾರದ ಸೆಲ್ಲನ್ನು ನಾನೇ ಅಂಗಡಿಯಿಂದ ತರುತ್ತಿದ್ದೆ, ಮುಗಿಯುವ ಮೊದಲೇ ಹಾಕುತ್ತಿದ್ದೆ. ಜೊತೆಯವರು ನಗುತ್ತಿದ್ದರು. ನಗಲಿ ಬಿಡಿ.

ಆದರೆ ಬಲ್ಬಿನ ಬೆಳಕೊಂದರಿಂದ ಎಲ್ಲ ಗಂಟಲಿಗೂ ಕೊಳವೆ ಇಳಿಯುವುದಿಲ್ಲ. ನಾಲಗೆ ಊದಿದ್ದರೆ, ದವಡೆ ಮುರಿದಿದ್ದರೆ, ಕತ್ತು ಗಿಡ್ಡವಾಗಿದ್ದರೆ ಬೇರೆ ಸಾಮಾನು ಬೇಕು. ತುದಿಯಲ್ಲಿ ಕ್ಯಾಮೆರಾ ಇದ್ದು ಪರದೆಯಲ್ಲಿ ಗಂಟಲು ತೋರಿಸುವಂಥದ್ದು ಬೇಕು. ಬಾಗಿಸಿ ತೂರಿಸಲು ಉದ್ದನೆಯ ತೆಳ್ಳನೆಯ ಕಡ್ಡಿ ಬೇಕು. ಸಣ್ಣ ಅಳತೆಯ ಕೊಳವೆಗಳು ಬೇಕು. ಯಾವುದೂ ಆಗದಿದ್ದರೆ ಕತ್ತಿನ ಮುಂದೆ ತೂತು ಮಾಡಿ ದಾರಿ ತೆಗೆಯುವ ಸಾಮಾನೂ ಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಇವೆಲ್ಲ ಒಂದೇ ಟ್ರಾಲಿಯಲ್ಲಿರುತ್ತವೆ. ನಮ್ಮಲ್ಲಿ "ಮೈಸೂರಿಗೆ ಕರ್ಕೊಂಡೋಗಿ" ಎನ್ನುವ ಚೀಟಿ ಇತ್ತು. ಆ ಟ್ರಾಲಿ ಬೇಕು ಎಂದು ನಾನು ಮೀಟಿಂಗಿನಲ್ಲಿ ಕೇಳಿದೆ, ವರಾಂಡದಲ್ಲಿ ಕೇಳಿದೆ, ನಮ್ಮ ದೊಡ್ಡ ಡಾಕ್ಟರ ಮಗಳ ಮದುವೆಯ ಊಟದ ಪಂಕ್ತಿಯಲ್ಲೂ ಕೇಳಿದೆ. "ಒಬ್ಬಟ್ಟು ತಿನ್ನಕ್ಕೆ ಬುಡಿ ಸಿಸ್ಟರೇ" ಎಂದರು ಪಾಪ. ಅವರು ಆಸ್ಪತ್ರೆಯ ಮುಖ್ಯಸ್ಥರು, ಒಳ್ಳೆಯ ಸರ್ಜನ್ನು, ಅಧಿಕಾರದಲ್ಲಿ ಮೇಲಿರುವವರನ್ನು ಕಂಡರೆ ಮಾತ್ರ ಬೆವರುವ ಮನುಷ್ಯ.

ಕಡೆಗೂ ಬಂತು. ಯಾರೋ ದಾನಿಗಳು ಕೊಟ್ಟರು. ಐದು ಡ್ರಾಯರಿನ ಕೆಂಪು ಟ್ರಾಲಿ, ಮೇಲಿನ ಡ್ರಾಯರಿನಲ್ಲಿ ಆ ಕ್ಯಾಮೆರಾದ ಲಾರಿಂಗೋಸ್ಕೋಪು. ಅದು ಕ್ಯಾಜುವಲ್ಟಿಯ ಬಾಗಿಲು ದಾಟಿ ಒಳಗೆ ಬಂದಾಗ ನಾನು ನಾಚಿಕೆ ಬಿಟ್ಟು ಅತ್ತೆ. ಅಳು ನಿಲ್ಲುವ ಮೊದಲೇ ಆಫೀಸಿನ ಗುಮಾಸ್ತ ಬಂದು ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಡ್ಡಲಾಗಿ ಕೆಂಪು ಸ್ಯಾಟಿನ್ ಟೇಪು ಕಟ್ಟಿ, ಮುಂದುಗಡೆ ಹೂವಿನ ಗಂಟು ಹಾಕಿದ.

"ಇದ್ಯಾಕ್ ಕಟ್ತಿದೀಯಪ್ಪ?"

"ಉದ್ಘಾಟ್ನೆ ಆಗ್ಬೇಕಲ್ಲ ಸಿಸ್ಟರೇ. ಸಾಹೇಬ್ರು ಡೇಟ್ ಕೊಡ್ತಾರೆ. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ."

ಸಾಹೇಬರು ಎಂದರೆ ನಮ್ಮ ಕಡೆಯ ದೊಡ್ಡ ಜನಪ್ರತಿನಿಧಿ. ಮೊದಲ ವಾರ ಅವರು ಊರಲ್ಲಿರಲಿಲ್ಲ. ಎರಡನೆಯ ವಾರ ಅವರ ನೆಂಟರ ಮದುವೆ. ಅಷ್ಟರಲ್ಲಿ ಆಷಾಢ ಬಂದುಬಿಟ್ಟಿತು. ಆಷಾಢದಲ್ಲಿ ಯಾರಾದರೂ ಶುಭಕಾರ್ಯ ಮಾಡುತ್ತಾರೆಯೇ! ಹೊಸ ಸೊಸೆಯಂದಿರು ತವರಿಗೆ ಹೋದರು, ನಮ್ಮ ಟ್ರಾಲಿ ಮುಸುಕು ಹಾಕಿಕೊಂಡು ಮೂಲೆಯಲ್ಲಿ ನಿಂತಿತು. "ಉಸಿರು ಕಟ್ಟೋದು ಆಷಾಢ ಮುಗೀಲಿ ಅಂತ ಕಾಯ್ತದಾ ಸಾರ್?" ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಉತ್ತರ ಇಲ್ಲದಾಗೆಲ್ಲ ಅವರು ಕನ್ನಡಕ ಒರೆಸುತ್ತಿದ್ದರು.

ನನಗೆ ಮೈಯೆಲ್ಲ ಉರಿ. ಆದರೆ ಟೇಪು ಕಟ್ಟಿದ ಮೇಲೂ ಮೇಲಿನ ಡ್ರಾಯರು ಎರಡು ಬೆರಳಷ್ಟು ತೆರೆಯುತ್ತಿತ್ತು. ಆ ಸಂದಿಯಲ್ಲಿ ಕೈ ತೂರಿಸಿ ಚಾರ್ಜರಿನ ವೈರು ಹೊರಗೆಳೆದು, ದಿನಾ ಬೆಳಿಗ್ಗೆ ಡ್ಯೂಟಿಗೆ ಬಂದವಳೇ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದೆ. ಗುಮಾಸ್ತ ಬರುವ ಹೊತ್ತಿಗೆ ವೈರು ಮತ್ತೆ ಒಳಗೆ. ಇದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ನಮ್ಮ ಆಯಾ. ಇನ್ನೊಬ್ಬಳು ಆ ವರ್ಷವೇ ಬಂದ ಡ್ಯೂಟಿ ಡಾಕ್ಟರು. ಕಿಕ್ಕೇರಿ ಕಡೆಯ ಹುಡುಗಿ, ಬೆಂಡೆಕಾಯಿಯಷ್ಟು ಸಪೂರ, ಓದುವಾಗ ಬೊಂಬೆಯ ಗಂಟಲಿನಲ್ಲಿ ಈ ಕ್ಯಾಮೆರಾ ಹಿಡಿದು ಅಭ್ಯಾಸ ಮಾಡಿದ್ದವಳು. "ಮಾಡ್ತಾ ಇರಿ ಸಿಸ್ಟರ್, ನಾನೇನೂ ನೋಡಿಲ್ಲ" ಎಂದು ಕಣ್ಣು ಮಿಟುಕಿಸುತ್ತಿದ್ದಳು.

ಶ್ರಾವಣದ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಉದ್ಘಾಟನೆ ಎಂದು ಗೊತ್ತಾಯಿತು. ಎಂಟು ಗಂಟೆಗೇ ಶಾಮಿಯಾನದ ಭಾಯಿ ಲಗೇಜು ಆಟೋದಲ್ಲಿ ಕಂಬ, ಬಟ್ಟೆ ಹೇರಿಕೊಂಡು ಬಂದರು. ಊರಿನಲ್ಲಿ ಯಾರ ಮನೆಯ ಮದುವೆಯಾದರೂ, ಸಾವಾದರೂ ನೆರಳು ಹಾಕುವವರು ಅವರೇ. ಐವತ್ತು ದಾಟಿದ ಮನುಷ್ಯ, ಎದೆಯವರೆಗೆ ಗಡ್ಡ, ದೂರದಿಂದಲೇ ಕೂಗಿ ಮಾತಾಡುವ ಅಭ್ಯಾಸ. "ಸಿಸ್ಟರಮ್ಮ, ನಿಮ್ ಟ್ರಾಲಿ ಶಾದಿಗೆ ಬಂದಿವ್ನಿ, ಚಾ ಕುಡ್ಸಿ!" ಎಂದರು. ಕುಡಿಸಿದೆ. "ಆ ಹೊಂಗೆ ಮರಕ್ಕೆ ಅಗ್ಗ ಕಟ್ಬೇಡಿ, ಮೇಲೆ ಎಜ್ಜೇನು ಕಟ್ಟವೆ" ಎಂದೂ ಹೇಳಿದೆ. ಅವರು ಮರ ಬಿಟ್ಟು ಗೇಟಿನ ಕಂಬಕ್ಕೇ ಹಗ್ಗ ಕಟ್ಟಿದರು. ಆದರೆ ಮೈಕಿನವರು ಜನರೇಟರನ್ನು ತಂದು ಅದೇ ಹೊಂಗೆ ಮರದ ಕೆಳಗೆ ಇಟ್ಟು ಚಾಲು ಮಾಡಿಬಿಟ್ಟರು. ಕಪ್ಪು ಹೊಗೆ ನೇರ ಗೂಡಿಗೆ ಹೋಯಿತು.

"ಅಕ್ಕಾ, ಎಜ್ಜೇನು ಎದ್ಬುಟ್ವು! ಬಾಗ್ಲಾಕಿ, ಕಿಟ್ಕಿ ಆಕಿ!" ಎಂದು ಆಯಾ ಕಿರುಚಿಕೊಂಡು ಬಂದಳು.

ಕಿಟಕಿಯ ಗಾಜಿನಿಂದ ನಾನು ಕಂಡದ್ದು ಇಷ್ಟು. ಚೀಟಿಗಾಗಿ ಸಾಲಿನಲ್ಲಿ ನಿಂತಿದ್ದವರೆಲ್ಲ ದಿಕ್ಕಾಪಾಲು ಓಡಿದರು. ಮೂವರು ಮುದುಕಿಯರು ಮಾತ್ರ ಕಟ್ಟೆಯ ಮೇಲಿಂದ ಏಳಲಾರದೆ ಕೂತೇ ಇದ್ದರು. ಭಾಯಿ ಕೈಯಲ್ಲಿದ್ದ ಶಾಮಿಯಾನದ ಬಟ್ಟೆಯನ್ನು ಬಿಚ್ಚಿ ಆ ಮೂವರ ಮೇಲೆ ಹೊದಿಸಿ, ಅಂಚುಗಳನ್ನು ಕಾಲಿಂದ ಒತ್ತಿಕೊಂಡು ನಿಂತರು. ಅವರಿಗೆ ಮಾತ್ರ ಬಟ್ಟೆ ಉಳಿಯಲಿಲ್ಲ. ಹುಳುಗಳೆಲ್ಲ ಅವರ ಮುಖ, ಗಡ್ಡ, ಕತ್ತಿನ ಮೇಲೆ ಮುತ್ತಿದವು.

ಕಂಬಳಿ ಹೊದ್ದುಕೊಂಡು ಹೋದ ಇಬ್ಬರು ಅವರನ್ನು ಎಳೆದು ತಂದರು. ಮಂಚದ ಮೇಲೆ ಮಲಗಿಸುವ ಹೊತ್ತಿಗೆ ತುಟಿ ದಪ್ಪಗಾಗಿತ್ತು, ನಾಲಗೆ ಬಾಯಿ ತುಂಬಿಕೊಂಡು ಹೊರಗೆ ಬರುತ್ತಿತ್ತು. "ಸಿಸ್ಟರಮ್ಮ" ಎಂದರು. ಅದು ಅವರ ದನಿಯೇ ಅಲ್ಲ, ಎಲ್ಲೋ ಪಾತ್ರೆಯೊಳಗಿಂದ ಬಂದ ಹಾಗಿತ್ತು. ಉಸಿರು ಎಳೆದಾಗ ಕುಯ್ಯ್ ಎಂದು ಸದ್ದು. ಡಾಕ್ಟರ್ ಹುಡುಗಿ ತೊಡೆಗೆ ಊತ ಇಳಿಸುವ ಅಡ್ರಿನಲಿನ್ ಚುಚ್ಚಿದಳು, ನಾನು ಆಕ್ಸಿಜನ್ ಹಾಕಿ ಡ್ರಿಪ್ಪು ಏರಿಸಿದೆ. ಐದು ನಿಮಿಷ ಬಿಟ್ಟು ಇನ್ನೊಂದು ಚುಚ್ಚಿದೆವು. ರಕ್ತದೊತ್ತಡ ಸ್ವಲ್ಪ ಚೇತರಿಸಿಕೊಂಡಿತು, ಗಂಟಲಿನ ಊತ ಇಳಿಯಲಿಲ್ಲ. ಕುಯ್ಯ್ ಸದ್ದು ಸಣ್ಣದಾಗುತ್ತಾ ಬಂತು. ಅದು ಸಣ್ಣದಾಗುವುದು ಒಳ್ಳೆಯ ಲಕ್ಷಣ ಅಲ್ಲ. ದಾರಿ ಮುಚ್ಚುತ್ತಿದೆ ಎಂದರ್ಥ.

ಅರಿವಳಿಕೆ ಕೊಡುವ ತಜ್ಞರು ನಮ್ಮಲ್ಲಿಗೆ ಬರುವುದು ಮಂಗಳವಾರ, ಶುಕ್ರವಾರ. ಅವತ್ತು ಬುಧವಾರ. ಮೈಸೂರಿಗೆ ಕಳಿಸಿದರೆ ಊರ ಹೊರಗಿನ ಕಬ್ಬಿನ ಟ್ರಾಕ್ಟರುಗಳನ್ನು ದಾಟುವ ಮೊದಲೇ ಉಸಿರು ನಿಲ್ಲುತ್ತದೆ. ದೊಡ್ಡ ಡಾಕ್ಟರು ಹೊಸ ಕೋಟು ಹಾಕಿಕೊಂಡು ಒಳಗೆ ಓಡಿಬಂದರು, ಹಿಂದೆಯೇ ಗುಮಾಸ್ತ.

"ಮಾಮೂಲಿ ಲಾರಿಂಗೋಸ್ಕೋಪಲ್ಲಿ ಒಂದ್ಸಲ ನೋಡಮ್ಮ" ಎಂದರು.

"ಬೇಡ ಸಾರ್" ಎಂದಳು ಹುಡುಗಿ. "ಕೆದಕಿದಷ್ಟೂ ಊದ್ತದೆ. ಮೊದಲ್ನೇ ಸಲಾನೇ ಆಗ್ಬೇಕು. ನಂಗೆ ಕ್ಯಾಮೆರಾ ಬೇಕು."

ಎಲ್ಲರೂ ಮೂಲೆಯ ಟ್ರಾಲಿಯನ್ನು ನೋಡಿದೆವು. ಗುಮಾಸ್ತ ಅದರ ಮುಂದೆ ಹೋಗಿ ನಿಂತ. "ಸಾರ್, ಟೇಪು! ಸಾಹೇಬ್ರು ಆಗ್ಲೇ ಒಲ್ಟವ್ರೆ..."

ಥೂ, ಆಗ ನನಗೆ ಬಂದ ಕೋಪ! ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದ ಕೋಪ. "ಪಕ್ಕುಕ್ ಸರಿಯಲೇ! ನಿನ್ ಸಾಹೇಬ್ರು ಕತ್ತರ್ಸೋದು ಟೇಪ. ಇಲ್ಲೊಬ್ಬನ ಉಸ್ರೇ ಕತ್ತರ್ಸೋಯ್ತಾ ಅದೆ!" ಎಂದವಳೇ ಡ್ರೆಸ್ಸಿಂಗ್ ಕತ್ತರಿ ತೆಗೆದು ಕಚ್ ಎಂದು ಟೇಪು ಕತ್ತರಿಸಿದೆ. ದೊಡ್ಡ ಡಾಕ್ಟರನ್ನು ತಿರುಗಿ ನೋಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕಕ್ಕೆ ಕೈ ಹಾಕಲಿಲ್ಲ. ಕೋಟು ಬಿಚ್ಚಿ ಗುಮಾಸ್ತನ ಕೈಗೆ ಎಸೆದು, ಪ್ಲಾಸ್ಟಿಕ್ಕನ್ನು ತಾವೇ ಹರಿದರು. ಗ್ಲೌಸು ಹಾಕಿ ಬ್ಲೇಡು ಹಿಡಿದು ಭಾಯಿಯ ಗಡ್ಡ ಸರಿಸಿ ಕತ್ತಿನ ಮೇಲೆ ಬೆರಳಿಟ್ಟರು. "ನೀನ್ ಹಾಕಮ್ಮ. ಆಗ್ದೇ ಇದ್ರೆ ನಾನಿಲ್ಲಿಂದ ದಾರಿ ಮಾಡ್ತೀನಿ. ಹೆದರ್ಬೇಡ" ಎಂದರು. ಆ ಮಾತಿಗೆ ಅವರ ಹಿಂದಿನ ತಪ್ಪುಗಳನ್ನೆಲ್ಲ ನಾನು ಮನಸ್ಸಿನಲ್ಲೇ ಮಾಫಿ ಮಾಡಿದೆ.

ಲಾರಿಂಗೋಸ್ಕೋಪನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಗುಂಡಿ ಒತ್ತಿದಳು. ಆ ಒಂದು ಕ್ಷಣ ನಾನು ಮತ್ತೆ ಹೊಸ ನರ್ಸಾಗಿದ್ದೆ, ಮಂಚದ ಕೆಳಗೆ ಸೆಲ್ಲು ಹುಡುಕುತ್ತಿದ್ದೆ. ಪರದೆ ಬೆಳಗಿತು. ಚಾರ್ಜು ತೋರಿಸುವ ಗೆರೆಗಳು ನಾಲ್ಕೂ ಹಸಿರು. ನಾಲ್ಕೂ!

ಮಂಪರಿನ ಇಂಜೆಕ್ಷನ್ ಕೊಟ್ಟೆ. ಪರದೆಯಲ್ಲಿ ಮೊದಲು ಬರೀ ಕೆಂಪು. ಊದಿದ ನಾಲಗೆ, ಜೊಲ್ಲು, ಊದಿದ ಮಾಂಸ. "ಹೀರಿ ತೆಗೀರಿ ಸಿಸ್ಟರ್." ಹೀರಿದೆ. ಆಕ್ಸಿಜನ್ ಮಟ್ಟ ತೊಂಬತ್ತು, ಎಂಬತ್ತನಾಲ್ಕು, ಎಪ್ಪತ್ತೊಂಬತ್ತು. ಅದನ್ನು ಅಳೆಯುವ ಯಂತ್ರದ ಸದ್ದು ದಪ್ಪವಾಗುತ್ತಾ ಹೋಯಿತು. ಆಯಾ ಗೋಡೆಗೆ ಒರಗಿ ಮನೆದೇವರನ್ನು ಕರೆಯುತ್ತಿದ್ದಳು. ಆಗ ಪರದೆಯ ಮೂಲೆಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. "ಅಲ್ಲಿ ಅದೆ! ಗಾಳಿ ಅಲ್ಲಿಂದ ಬತ್ತಾದೆ!" ಎಂದು ಡಾಕ್ಟರಮ್ಮ ಊರ ಮಾತಿನಲ್ಲೇ ಕೂಗಿದಳು. ನಾನು ಕಡ್ಡಿ ಕೊಟ್ಟೆ. ಗುಳ್ಳೆ ಎದ್ದ ಜಾಗಕ್ಕೆ ತೂರಿಸಿದಳು. ಶ್ವಾಸನಾಳದ ಉಂಗುರಗಳಿಗೆ ತಗುಲಿ ಕಡ್ಡಿ ಟಕಟಕ ಎಂದದ್ದು ಅವಳ ಬೆರಳಿಗೆ ಸಿಕ್ಕಿತು, ಮುಖ ಅರಳಿತು. ಕಡ್ಡಿಯ ಮೇಲೆ ಸಣ್ಣ ಕೊಳವೆ ಜಾರಿಸಿದೆವು. ಅದಕ್ಕೆ ಗಾಳಿ ತುಂಬುವ ರಬ್ಬರ್ ಚೀಲ ಸಿಕ್ಕಿಸಿ ಒತ್ತಿದೆ. ಎದೆ ಎದ್ದಿತು. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಎದ್ದಿತು. ಎಂಬತ್ತಾರು. ತೊಂಬತ್ತೊಂದು. ತೊಂಬತ್ತೇಳು.

ಅಭ್ಯಾಸ ಬಲ, ನಾನು ಗೋಡೆಯ ಗಡಿಯಾರ ನೋಡಿದೆ. ಒಂಬತ್ತು ನಲವತ್ತೇಳು. ಕೈಗೆ ಸಿಕ್ಕಿದ ಕಾಗದದಲ್ಲಿ ಬರೆದುಕೊಂಡೆ.

ದೊಡ್ಡ ಡಾಕ್ಟರು ಬ್ಲೇಡನ್ನು ತಟ್ಟೆಗೆ ಹಾಕಿ ಗೋಡೆಗೆ ಒರಗಿದರು. ಹುಡುಗಿ ಗಳಗಳ ಅತ್ತಳು. ನಾನು ಅವಳ ಬೆನ್ನಿಗೆ ಗುದ್ದಿ, "ಸುಮ್ಕಿರಮ್ಮಿ, ಗೆದ್ಬುಟ್ಟೆ ನೀನು" ಎಂದೆ. ಡಾಕ್ಟರಿಗೆ ಮನೆ ಹುಡುಗಿಗೆ ಅಂದ ಹಾಗೆ ಅಮ್ಮಿ ಎನ್ನಬಾರದು, ಅಂದುಬಿಟ್ಟೆ.

ಆದರೆ ಹೊಸ ಪಜೀತಿ ಶುರುವಾಯಿತು. ಕೊಳವೆ ಜಾರದಂತೆ ಕೆನ್ನೆಗೆ ಪ್ಲಾಸ್ಟರು ಅಂಟಿಸಬೇಕು. ಭಾಯಿಯ ಗಡ್ಡಕ್ಕೆ, ಬೆವರಿಗೆ ಪ್ಲಾಸ್ಟರು ಎಲ್ಲಿ ಅಂಟುತ್ತದೆ! ಕಟ್ಟಲು ದಾರ ಹುಡುಕಿದರೆ ಕೈಗೆ ಸಿಕ್ಕಲಿಲ್ಲ. ಕಾಲ ಕೆಳಗೆ ಬಿದ್ದಿತ್ತು ಸಾಹೇಬರ ಟೇಪು. ಎತ್ತಿಕೊಂಡೆ, ಕೊಳವೆಗೆ ಎರಡು ಸುತ್ತು ಬಿಗಿದು ಕತ್ತಿನ ಹಿಂದಿನಿಂದ ತಂದು ಕಟ್ಟಿದೆ. ಸ್ಯಾಟಿನ್ನು ಜಾರುತ್ತದೆ ಎಂದು ಎರಡು ಗಂಟು ಹಾಕಿದೆ.

ಆಂಬುಲೆನ್ಸು ಹಿಂಬಾಗಿಲಿಗೆ ಬಂತು. ಸ್ಟ್ರೆಚರು ಹೊರಗೆ ತರುವುದಕ್ಕೂ ಸಾಹೇಬರು ಅದೇ ಹಿಂಬಾಗಿಲಿನಿಂದ ಒಳಗೆ ಬರುವುದಕ್ಕೂ ಸರಿಹೋಯಿತು. ಮುಂದೆ ಜೇನು ಇನ್ನೂ ಹಾರಾಡುತ್ತಿತ್ತಲ್ಲ. ಅವರು ರೋಗಿಯ ಮುಖದ ಸುತ್ತ ಬಿಗಿದ ಕೆಂಪು ಟೇಪನ್ನು ನೋಡಿ ನಿಂತರು. ಗುಮಾಸ್ತನ ಮುಖದಲ್ಲಿ ರಕ್ತ ಇರಲಿಲ್ಲ.

"ಇದೇನಮ್ಮ, ಇಂಗ್ ಕಟ್ಟಿದೀರಿ?"

"ತಾವು ಬರೋದ್ ಒಸಿ ತಡ ಆಯ್ತು ಸ್ವಾಮಿ. ಉದ್ಘಾಟ್ನೆ ಇವ್ರೇ ಮಾಡ್ಬುಟ್ರು" ಎಂದೆ. ಚೀಲ ಒತ್ತುವುದನ್ನು ನಾನು ನಿಲ್ಲಿಸಲಿಲ್ಲ.

ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಹಿಂದೆ ತಿರುಗಿ, "ಲೇ, ನಮ್ ಮುಂದುಗಡೆ ಬರೋ ಪೊಲೀಸ್ ಜೀಪ್ ಈ ಆಂಬುಲೆನ್ಸ್ ಮುಂದೆ ಓಡ್ಸಿ. ಮೈಸೂರ್ಗಂಟ ಎಲ್ಲೂ ನಿಲ್ಬಾರ್ದು" ಎಂದರು. ಸುಳ್ಳು ಹೇಳಬಾರದು, ಆ ಮನುಷ್ಯನ ಮೇಲೆ ನನಗೆ ಅವತ್ತು ಪ್ರೀತಿ ಬಂದುಬಿಟ್ಟಿತು.

ಎಂಥ ಮೆರವಣಿಗೆ ಅದು! ಮುಂದೆ ಜೀಪಿನ ಸೈರನ್ನು, ಹಿಂದೆ ನಮ್ಮ ಸೈರನ್ನು. ಕಬ್ಬಿನ ಟ್ರಾಕ್ಟರುಗಳು ಒಂದರ ಹಿಂದೊಂದು ರಸ್ತೆ ಬಿಟ್ಟು ಮಣ್ಣಿಗೆ ಇಳಿದವು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಭಾಯಿ ಕಣ್ಣು ಬಿಟ್ಟರು. ಮಾತಾಡಲು ಆಗುವುದಿಲ್ಲ, ಕೊಳವೆ ಇದೆ. ನನ್ನ ಸೆರಗಿನ ತುದಿ ಹಿಡಿದುಕೊಂಡರು. "ಬದ್ಕಿದೀರ ಭಾಯಿ, ಬದ್ಕಿದೀರ! ಎದ್ರುಕಬೇಡಿ" ಎಂದು ಸೈರನ್ನಿಗಿಂತ ಜೋರಾಗಿ ಕೂಗಿದೆ.

ಮೂರು ವಾರ ಕಳೆದು ಒಂದು ಬೆಳಿಗ್ಗೆ ಅವರು ಹೆಂಡತಿಯ ಜೊತೆ ಕ್ಯಾಜುವಲ್ಟಿಗೆ ನಡೆದುಕೊಂಡು ಬಂದರು. ದನಿ ಇನ್ನೂ ಒಡಕು. ಟ್ರಾಲಿ ಬಾಗಿಲ ಪಕ್ಕದಲ್ಲೇ ನಿಂತಿತ್ತು. ಮುಸುಕಿಲ್ಲ, ಟೇಪಿಲ್ಲ, ಚಾರ್ಜರು ಎಲ್ಲರೂ ಕಾಣುವ ಹಾಗೆ ಗೋಡೆಯ ಪ್ಲಗ್ಗಿನಲ್ಲಿ. ಭಾಯಿ ಅದನ್ನು ಮದುಮಗಳನ್ನು ನೋಡುವಂತೆ ನೋಡಿದರು. "ನಿಮ್ ಟೇಪ್ ಬಣ್ಣ ಬುಟ್ಕಂಡು ನನ್ ದಾಡಿ ಎಲ್ಡ್ ದಿನ ಕೆಂಪ್ಗಿತ್ತು ಸಿಸ್ಟರಮ್ಮ. ಮೆಹಂದಿ ಆಕಿದೀರಾ ಅಂತ ಆಸ್ಪತ್ರೇಲಿ ಕೇಳ್ತಿದ್ರು" ಎಂದು ನಕ್ಕರು.

ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು. "ಒಂದ್ ಕೆಲ್ಸ ಆಗ್ಬೇಕಿತ್ತು. ನಾನ್ ಉಟ್ಟಿದ್ ದಿನ, ಟೈಮು ಯಾರ್ಗೂ ಗೊತ್ತಿಲ್ಲ. ಕಬ್ಬು ಕಡ್ಯೋ ಕಾಲ್ದಲ್ಲಿ ಅಂತ ನಮ್ ತಾಯಿ ಏಳೋಳು. ಆಧಾರಲ್ಲಿ ಯಾರೋ ಬಾಯ್ಗ್ ಬಂದಿದ್ ಬರ್ದವ್ರೆ. ಅವತ್ತು ಪೈಪ್ ಆಕಿ ಉಸ್ರು ಬಂದ ಟೈಮ್ ಏನಾರ ಬರ್ದಿದ್ರೆ, ಒಂದ್ ಚೀಟೀಲಿ ಕೊಡಿ. ಅದ್ನೇ ಉಟ್ಟಿದ್ ಟೈಮ್ ಅಂತ ಇಟ್ಕತೀನಿ."

ಬರೆದಿದ್ದೆ. ಒಂದು ಹಾಳೆ ಹರಿದು ತಾರೀಖು ಹಾಕಿ, ಬುಧವಾರ, ಬೆಳಿಗ್ಗೆ ಒಂಬತ್ತು ನಲವತ್ತೇಳು ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಇಟ್ಟುಕೊಂಡರು. ಅವರ ಹೆಂಡತಿ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿ, "ಇದು ಕರೆಟ್ಟಾಗ್ ಓಡ್ತದಾ ಅಕ್ಕ?" ಎಂದರು.

"ಕರೆಟ್ಟಾಗ್ ಓಡ್ತದೆ ಕಣವ್ವ. ಅದ್ರ ಸೆಲ್ಲು ನಾನೇ ಅಂಗ್ಡಿಯಿಂದ ತಂದಾಕಿದ್ದು" ಎಂದೆ.

ಆ ಮಾತಿಗೆ ಅಳುವಂಥದ್ದೇನಿದೆ ಎಂದು ಗಂಡ ಹೆಂಡತಿ ಇಬ್ಬರಿಗೂ ತಿಳಿಯಲಿಲ್ಲ. ನಾನು ಅತ್ತೆ, ಅತ್ತು ಮುಗಿಸಿ ಇಬ್ಬರಿಗೂ ಚಾ ತರಿಸಿದೆ.